ಅರವತ್ತರ ಹತ್ತಿರ ಸಿಕ್ಕ ಹೆಸರು: ಎಡಿಎಚ್‌ಡಿ ಮತ್ತು ನಮ್ಮ ಹೆಂಗಸರು

ನಾಲ್ಕು ರಕಅತ್‌ನ ನಮಾಝ್‌ನಲ್ಲಿ ಮೂರಾಯಿತೋ ನಾಲ್ಕಾಯಿತೋ ಎಂಬ ಸಂಶಯ ಎಲ್ಲರಿಗೂ ಒಮ್ಮೊಮ್ಮೆ ಬರುತ್ತದೆ. ನನಗೆ ದಿನಾ ಬರುತ್ತಿತ್ತು. ಮದ್ರಸಕ್ಕೆ ಹೋಗುವಾಗಲೂ ಬರುತ್ತಿತ್ತು, ಮೂರು ಮಕ್ಕಳಾದ ಮೇಲೂ ಬರುತ್ತಿತ್ತು. ಕೈಕಟ್ಟಿ ನಿಂತರೆ ನಾಲಿಗೆಯಲ್ಲಿ ಫಾತಿಹಾ ಓಡುತ್ತಿರುತ್ತದೆ. ಮನಸ್ಸು ಒಲೆಯ ಮೇಲಿಟ್ಟ ಹಾಲಿಗೆ ಹೋಗಿ, ಅಲ್ಲಿಂದ ಹಾಲಿನವನಿಗೆ ಕೊಡಬೇಕಾದ ಬಾಕಿಗೆ ಹೋಗಿ, ಬಾಕಿ ಇಟ್ಟ ಹಣ ಯಾವ ಡಬ್ಬದಲ್ಲಿದೆ ಎಂದು ಹುಡುಕುತ್ತಾ ಅಡುಗೆಮನೆಯ ಕಪಾಟಿನೊಳಗೆ ನಿಂತಿರುತ್ತದೆ. ಸುಜೂದ್‌ಗೆ ಹೋದಾಗ ಎಚ್ಚರವಾಗುತ್ತದೆ. ಇದು ಎಷ್ಟನೆಯದು?

ನೋಂಬಿನ ಲೆಕ್ಕ ಅದಕ್ಕಿಂತಲೂ ಕಷ್ಟ. ಮುಟ್ಟಿನ ದಿನಗಳಲ್ಲಿ ಬಿಟ್ಟುಹೋದ ನೋಂಬುಗಳನ್ನು ಮುಂದಿನ ರಮಝಾನ್ ಬರುವ ಮೊದಲು ಕಝಾ ತೀರಿಸಬೇಕು ಎಂದು ನಮ್ಮ ಪ್ರತಿ ಹೆಣ್ಣುಮಗುವಿಗೂ ಗೊತ್ತು. ಪ್ರತಿ ವರ್ಷ ಒಂದು ಚೀಟಿಯಲ್ಲಿ ಬರೆದಿಡುತ್ತಿದ್ದೆ. ಪ್ರತಿ ವರ್ಷವೂ ಚೀಟಿ ಕಾಣೆಯಾಗುತ್ತಿತ್ತು. ನಲವತ್ತು ವರ್ಷಗಳ ಚೀಟಿಗಳು! ಹಿರಿಯ ಸಂಬಂಧಿಯೊಬ್ಬರು ಒಮ್ಮೆ ಎಲ್ಲರೆದುರು ಹೇಳಿದ್ದರು, ‘ಈಮಾನ್ ಗಟ್ಟಿ ಇದ್ದರೆ ಮರೆಯುವುದಿಲ್ಲ’ ಎಂದು. ಅದನ್ನು ನಾನು ನಂಬಿದ್ದೆ. ಈಗ ಈ ಲೇಖನ ಬರೆಯುತ್ತಿರುವುದಕ್ಕೆ ಮುಖ್ಯ ಕಾರಣ ಅದೇ.

ನನ್ನ ಮೊಮ್ಮಗನನ್ನು ಶಾಲೆಯವರು ಹೇಳಿದರೆಂದು ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದಾಗ ನನಗೆ 58 ವರ್ಷ. ಮಗುವಿನ ಬಗ್ಗೆ ವೈದ್ಯೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ವಸ್ತು ಕಳೆದುಕೊಳ್ಳುತ್ತಾನಾ, ಆರಂಭಿಸಿದ್ದನ್ನು ಅರ್ಧಕ್ಕೆ ಬಿಡುತ್ತಾನಾ, ಹೆಸರು ಹಿಡಿದು ಕರೆದರೂ ಕೇಳಿಸದವನಂತೆ ಇರುತ್ತಾನಾ. ಸೊಸೆ ಉತ್ತರ ಹೇಳುತ್ತಿದ್ದಳು. ಹಿಂದಿನ ಕುರ್ಚಿಯಲ್ಲಿ ಕುಳಿತ ನಾನು ಪ್ರತಿ ಪ್ರಶ್ನೆಗೂ ಮನಸ್ಸಿನಲ್ಲೇ ‘ಹೌದು’ ಎನ್ನುತ್ತಿದ್ದೆ. ಕೊನೆಗೆ ವೈದ್ಯೆಯೇ ನನ್ನ ಕಡೆ ತಿರುಗಿ, ಇದು ಹೆಚ್ಚಾಗಿ ಕುಟುಂಬದಲ್ಲಿ ಹರಿದು ಬರುತ್ತದೆ, ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ ಎಂದು ಕೇಳಿದರು. ಅದಾಗಿ ಕೆಲವು ತಿಂಗಳ ನಂತರ, ಎರಡು ಮೂರು ಸಲ ಕೂತು ಮಾತಾಡಿ, ನನ್ನ ತಂಗಿಯನ್ನೂ ಕರೆಸಿ ವಿಚಾರಿಸಿ, ನನಗೂ ಎಡಿಎಚ್‌ಡಿ ಇದೆ ಎಂದು ಹೇಳಿದರು. ಗಮನದ ಕೊರತೆ ಮತ್ತು ಅತಿಚಟುವಟಿಕೆ ಎಂದು ಕನ್ನಡದಲ್ಲಿ ಬರೆಯುತ್ತಾರೆ. ಎರಡೂ ಅಷ್ಟು ಸರಿಯಾದ ಮಾತಲ್ಲ. ಗಮನ ಇಲ್ಲದೆ ಇಲ್ಲ, ಅದು ನಾವು ಹೇಳಿದ ಕಡೆ ನಿಲ್ಲುವುದಿಲ್ಲ.

ಐವತ್ತು ವರ್ಷ ಯಾರಿಗೂ ಇದು ಏಕೆ ಕಾಣಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾರ ತಪ್ಪು ಎಂದು ಹುಡುಕಲು ಹೊರಟು, ಓದುತ್ತಾ ಹೋದ ಹಾಗೆ, ಈ ಕಾಯಿಲೆಯ ಇತಿಹಾಸದಲ್ಲೇ ಉತ್ತರ ಇದೆ ಎಂದು ಗೊತ್ತಾಯಿತು. ಈ ವಿವರಣೆಯನ್ನು ಬರೆದವರು ಗಂಡು ಹುಡುಗರನ್ನು ನೋಡಿ ಬರೆದರು. ಅದೂ ತರಗತಿಯ ಬೆಂಚಿನ ಮೇಲೆ ಕುಳಿತ ಹುಡುಗರನ್ನು.

ಬಹಳ ಹಿಂದಿನ ಕಥೆ ಚುಟುಕಾಗಿ ಹೇಳುತ್ತೇನೆ. 1775ರಲ್ಲಿ ಜರ್ಮನಿಯ ಮೆಲ್ಕಿಯೋರ್ ಆಡಂ ವೈಕಾರ್ಡ್ ಎಂಬ ವೈದ್ಯ ಗಮನದ ಕೊರತೆಯ ಬಗ್ಗೆ ಒಂದು ಅಧ್ಯಾಯ ಬರೆದ. ಅವನ ಮದ್ದುಗಳಲ್ಲಿ ತಣ್ಣೀರ ಸ್ನಾನ, ಕುದುರೆ ಸವಾರಿ ಕೂಡ ಇದ್ದವು. 1798ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್, ಒಂದೇ ವಿಷಯದಲ್ಲಿ ಮನಸ್ಸು ನಿಲ್ಲದವರ ಬಗ್ಗೆ ಬರೆಯುತ್ತಾ, ಇದು ಹುಟ್ಟಿನಿಂದಲೂ ಬರಬಹುದು ಎಂದ. 1840ರ ದಶಕದಲ್ಲಿ ಫ್ರಾಂಕ್‌ಫರ್ಟ್‌ನ ವೈದ್ಯ ಹೈನ್ರಿಕ್ ಹಾಫ್‌ಮನ್ ತನ್ನ ಪುಟ್ಟ ಮಗನಿಗಾಗಿ ಚಿತ್ರಗಳ ಪದ್ಯದ ಪುಸ್ತಕ ಮಾಡಿದ. ಅದು ಯೂರೋಪಿನಲ್ಲೆಲ್ಲ ಮನೆಮಾತಾಯಿತು. ಅದರಲ್ಲಿ ಊಟದ ಮೇಜಿನಲ್ಲಿ ಒಂದು ಕ್ಷಣ ಸುಮ್ಮನೆ ಕೂರಲಾಗದೆ ಬಟ್ಟೆಯೊಂದಿಗೆ ಊಟವನ್ನೆಲ್ಲ ಎಳೆದು ಬೀಳಿಸುವ ಫಿಲಿಪ್ ಇದ್ದಾನೆ. ಮುಂದೆ ಸೇರಿದ ಇನ್ನೊಂದು ಪದ್ಯದಲ್ಲಿ ಆಕಾಶ ನೋಡುತ್ತಾ ನಡೆದು ನೀರಿಗೆ ಬೀಳುವ ಹಾನ್ಸ್ ಇದ್ದಾನೆ. ಇಂದಿನ ವೈದ್ಯರು ಈ ಕಾಯಿಲೆಯ ಎರಡು ಮುಖಗಳು ಎಂದು ಹೇಳುವ ಎರಡೂ ಅಲ್ಲಿವೆ. ಒಂದು ಕುಣಿಯುವ ಮುಖ, ಇನ್ನೊಂದು ಕನಸು ಕಾಣುವ ಮುಖ. ಇಬ್ಬರೂ ಗಂಡು ಮಕ್ಕಳು. ಆಕಾಶ ನೋಡುತ್ತಾ ನಿಂತ ಹುಡುಗಿಯೊಬ್ಬಳನ್ನು ಹಾಫ್‌ಮನ್ ಬರೆದಿದ್ದರೆ ಚೆನ್ನಾಗಿತ್ತು.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಮೂರು ಉಪನ್ಯಾಸ ಕೊಟ್ಟ. ಬುದ್ಧಿ ಚೆನ್ನಾಗಿಯೇ ಇದ್ದು ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳ ಬಗ್ಗೆ ಮಾತಾಡಿದ. ಅವನು ಮುಖ್ಯವಾಗಿ ಹೇಳಿದ 20 ಮಕ್ಕಳಲ್ಲಿ 15 ಹುಡುಗರು, 5 ಹುಡುಗಿಯರು. ಅವನು ಇದಕ್ಕೆ ಇಟ್ಟ ಹೆಸರು ನೈತಿಕ ನಿಯಂತ್ರಣದ ದೋಷ. ನನ್ನ ಸಂಬಂಧಿ ಹೇಳಿದ ಮಾತಿಗೂ ಇದಕ್ಕೂ ಎಷ್ಟು ಹತ್ತಿರ ನೋಡಿ. ನಡತೆಯ ದೋಷ ಎಂದು ಲಂಡನ್ನಿನಲ್ಲಿ ಹೇಳಿದರೆ, ಈಮಾನ್‌ನ ದೋಷ ಎಂದು ನಮ್ಮ ಕಡೆ ಹೇಳಿದರು. ಸ್ಟಿಲ್ ಮಾತ್ರ ಆ ಮಕ್ಕಳನ್ನು ಬೈಯಲು ಮಾತಾಡಿದವನಲ್ಲ. ಇದಕ್ಕೆ ದೇಹದಲ್ಲೇ ಕಾರಣ ಇರಬೇಕು, ಸಾಕಿದ ರೀತಿಯಿಂದ ಆದದ್ದಲ್ಲ ಎಂಬುದು ಅವನ ವಾದವಾಗಿತ್ತು.

ಮದ್ದಿನ ಕಥೆ ನನಗೆ ತುಂಬ ಇಷ್ಟ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಮಕ್ಕಳ ಆಸ್ಪತ್ರೆಯೊಂದರ ವೈದ್ಯ ಚಾರ್ಲ್ಸ್ ಬ್ರಾಡ್ಲಿ 30 ಮಕ್ಕಳಿಗೆ ಬೆನ್ಜೆಡ್ರಿನ್ ಎಂಬ ಉತ್ತೇಜಕ ಮದ್ದು ಕೊಟ್ಟು ನೋಡಿದ. ಚುರುಕು ಹೆಚ್ಚಿಸುವ ಮದ್ದು ಕೊಟ್ಟರೆ ಮಕ್ಕಳು ಇನ್ನೂ ಕುಣಿಯಬೇಕಿತ್ತಲ್ಲ. ಆದದ್ದು ಬೇರೆ. ಅವರಲ್ಲಿ ಸುಮಾರು ಅರ್ಧ ಮಕ್ಕಳು ಕೂತು ಪಾಠ ಮಾಡತೊಡಗಿದರು. ಏಳು ವರ್ಷದ ನಂತರ, 1944ರಲ್ಲಿ, ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪಾನಿಜ್ಜೊನ್ ಮೀಥೈಲ್‌ಫೆನಿಡೇಟ್ ಎಂಬ ಮದ್ದನ್ನು ತಯಾರಿಸಿದ. ಅವನ ಹೆಂಡತಿ ಮಾರ್ಗರೀಟ್‌ಗೆ ರಕ್ತದೊತ್ತಡ ಕಡಿಮೆ ಇರುತ್ತಿತ್ತು. ಟೆನಿಸ್ ಆಡುವ ಮೊದಲು ಅವಳು ಇದನ್ನು ತೆಗೆದುಕೊಂಡು ಚೆನ್ನಾಗಿದೆ ಎಂದಳಂತೆ. ಅವಳ ಮನೆಹೆಸರು ರೀಟಾ. ಹಾಗೆ ಮದ್ದಿಗೆ ರಿಟಾಲಿನ್ ಎಂಬ ಹೆಸರು ಬಂತು. ಒಬ್ಬ ಗೃಹಿಣಿಯ ಹೆಸರು ಹೊತ್ತ ಆ ಮಾತ್ರೆ ಮುಂದೆ ದಶಕಗಟ್ಟಲೆ ಗಂಡು ಮಕ್ಕಳ ಮದ್ದು ಎಂದೇ ಹೆಸರಾಯಿತು. ಇತಿಹಾಸದಲ್ಲಿ ಇಂಥ ತಮಾಷೆಗಳು ಇರುತ್ತವೆ.

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಇಡೀ ಜಗತ್ತು ನೋಡುವ ಪುಸ್ತಕ. ಅದರ 1968ರ ಆವೃತ್ತಿಯಲ್ಲಿ ಇದನ್ನು ಬಾಲ್ಯದ ಅತಿಚಟುವಟಿಕೆ ಎಂದು ಬರೆದು, ಹದಿಹರೆಯ ಬರುವ ಹೊತ್ತಿಗೆ ಕಡಿಮೆಯಾಗುತ್ತದೆ ಎಂದು ಸೇರಿಸಿದರು. ಕುಣಿಯದ ಮಗುವಿಗೆ ಅಲ್ಲಿ ಜಾಗ ಇರಲಿಲ್ಲ, ದೊಡ್ಡವರಿಗಂತೂ ಇರಲೇ ಇಲ್ಲ. 1980ರ ಆವೃತ್ತಿ ಮೊದಲ ಬಾರಿಗೆ ಗಮನದ ಕೊರತೆಯನ್ನು ಮುಂದೆ ತಂದು, ಅತಿಚಟುವಟಿಕೆ ಇಲ್ಲದೆಯೂ ಇದು ಇರಬಹುದು ಎಂದಿತು. ಬಾಗಿಲು ಸ್ವಲ್ಪ ತೆರೆಯಿತು. 1987ರಲ್ಲಿ ಎಡಿಎಚ್‌ಡಿ ಎಂಬ ಈಗಿನ ಹೆಸರು ಬಂತು, 1994ರಲ್ಲಿ ಮೂರು ಬಗೆಗಳು ಎಂದು ವಿಂಗಡಿಸಿದರು. ಲಕ್ಷಣಗಳು 7 ವರ್ಷದೊಳಗೆ ಕಂಡಿರಬೇಕು ಎಂಬ ನಿಯಮವನ್ನು 2013ರಲ್ಲಿ 12 ವರ್ಷಕ್ಕೆ ಏರಿಸಿ, ದೊಡ್ಡವರಿಗೆ ಬೇಕಾದ ಲಕ್ಷಣಗಳ ಸಂಖ್ಯೆಯನ್ನು ಆರರಿಂದ ಐದಕ್ಕೆ ಇಳಿಸಿದರು.

ದೊಡ್ಡವರಲ್ಲೂ ಇದು ಉಳಿಯುತ್ತದೆ ಎಂದು ಹಟ ಹಿಡಿದವರಲ್ಲಿ ಮುಖ್ಯನಾದವನು ಅಮೆರಿಕದ ಯೂಟಾದ ಮನೋವೈದ್ಯ ಪಾಲ್ ವೆಂಡರ್. 1970ರ ದಶಕದಲ್ಲೇ ಅವನು ಮತ್ತು ಅವನ ಜೊತೆಗಾರರು ದೊಡ್ಡವರಿಗೆ ಮದ್ದು ಕೊಟ್ಟು ಪರೀಕ್ಷಿಸಿದರು. ಹೆಂಗಸರಿಗೆಂದೇ ಪುಸ್ತಕ ಬಂದದ್ದು 1995ರಲ್ಲಿ, ಸಾರಿ ಸೋಲ್ಡನ್ ಎಂಬ ಆಪ್ತಸಮಾಲೋಚಕಿಯಿಂದ. ಮನೆ ಅಚ್ಚುಕಟ್ಟಾಗಿ ಇಡಲಾಗದ ಹೆಂಗಸಿನ ನಾಚಿಕೆಯ ಬಗ್ಗೆ ಅವಳು ಬರೆದಳು. ನಾಚಿಕೆ ಎಂಬುದನ್ನು ಅಲ್ಲಿಯವರೆಗೆ ಯಾವ ಲಕ್ಷಣಪಟ್ಟಿಯೂ ಕೇಳಿರಲಿಲ್ಲ. ಕ್ಲಿನಿಕ್‌ಗಳಿಗೆ ಬರುವ ಮಕ್ಕಳನ್ನು ಎಣಿಸಿದರೆ ಒಬ್ಬ ಹುಡುಗಿಗೆ ಆರೋ ಒಂಬತ್ತೋ ಹುಡುಗರು ಇರುತ್ತಿದ್ದರು. ಊರಿನಲ್ಲಿ ಮನೆಮನೆಗೆ ಹೋಗಿ ನೋಡಿದರೆ ಆ ಅಂತರ ಎರಡೋ ಮೂರೋ ಹುಡುಗರಿಗೆ ಇಳಿಯುತ್ತದೆ. ದೊಡ್ಡವರಾದ ಮೇಲೆ ಇನ್ನೂ ಕಡಿಮೆ. ಹುಡುಗಿಯರು ಇದ್ದರು, ಯಾರೂ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಲಿಲ್ಲ. ಬೆಂಚು ಮುರಿಯುವ ಹುಡುಗನಿಂದ ಟೀಚರಿಗೆ ತೊಂದರೆ. ಕಿಟಕಿಯಾಚೆ ನೋಡುವ ಹುಡುಗಿಯಿಂದ ಯಾರಿಗೂ ತೊಂದರೆ ಇಲ್ಲ.

ಇಷ್ಟು ಹೊರಗಿನ ಕಥೆ. ಆದರೆ ನಮ್ಮ ಉಮ್ಮಂದಿರಿಗೆ ಆ ಕಿಟಕಿಯಾದರೂ ಎಲ್ಲಿತ್ತು?

ಸಾರಾ ಅಬೂಬಕ್ಕರ್ ಅವರನ್ನು ನೆನೆಯಿರಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರು ಆ ಕಡೆ ಹೈಸ್ಕೂಲು ಮುಗಿಸಿದ ಮೊದಲ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರು. ಹೈಸ್ಕೂಲು ಮುಗಿಸುವುದೇ ಸುದ್ದಿಯಾಗುವ ಕಾಲ ಅದು. ಅವರ ನಂತರ ಇಪ್ಪತ್ತು ಮೂವತ್ತು ವರ್ಷ ಕಳೆದು ಹುಟ್ಟಿದ ನಮ್ಮ ಪೀಳಿಗೆಯಲ್ಲೂ ಎಷ್ಟೋ ಹುಡುಗಿಯರು ಐದನೆಯ, ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟರು. ನಾನು ಏಳನೆಯದಕ್ಕೆ ಬಿಟ್ಟೆ. ವೈದ್ಯೆ ನನ್ನ ಶಾಲೆಯ ದಾಖಲೆ ಇದೆಯಾ, ಟೀಚರು ಏನಾದರೂ ಬರೆದಿದ್ದಾರಾ ಎಂದು ಕೇಳಿದಾಗ ನಗು ಬಂತು. 12 ವರ್ಷದೊಳಗೆ ಲಕ್ಷಣ ಇತ್ತು ಎಂಬುದಕ್ಕೆ ಸಾಕ್ಷಿ ಬೇಕು ಎಂದು ಅಮೆರಿಕದ ಪುಸ್ತಕ ಹೇಳುತ್ತದೆ. ನಮ್ಮ ಬಾಲ್ಯದ ಸಾಕ್ಷಿ ಇರುವುದು ಒಡಹುಟ್ಟಿದವರ ಬಾಯಲ್ಲಿ. ತಂಗಿ ಬಂದು ಹೇಳಿದಳು: ‘ಬಾವಿಗೆ ನೀರು ತರಲು ಹೋದರೆ ಕೊಡಪಾನ ಅಲ್ಲೇ ಬಿಟ್ಟು ಬರುತ್ತಿದ್ದಳು. ಉಮ್ಮ ದಿನಾ ಬೈಯುತ್ತಿದ್ದರು.’ ಕೊಡಪಾನವೇ ನನ್ನ ದಾಖಲೆ.

ಶಾಲೆ ಇಲ್ಲದಿದ್ದರೂ ಮನೆ ಇತ್ತಲ್ಲ, ಮನೆಯಲ್ಲಿ ಯಾಕೆ ಕಾಣಲಿಲ್ಲ? ಇದನ್ನು ತುಂಬ ಯೋಚಿಸಿದ್ದೇನೆ. ಕೂಡುಕುಟುಂಬದ ಮನೆಯಲ್ಲಿ ಯಾರೂ ಒಬ್ಬರೇ ಯಾವ ಕೆಲಸವನ್ನೂ ಪೂರ್ತಿ ಹೊರುತ್ತಿರಲಿಲ್ಲ. ಪತ್ತಿರ್‌ಗೆ ಅಕ್ಕಿ ನೆನೆ ಹಾಕುವವಳು ಒಬ್ಬಳು, ಅರೆಯುವವಳು ಇನ್ನೊಬ್ಬಳು, ತಟ್ಟುವವಳು ಮತ್ತೊಬ್ಬಳು. ನಾನು ಮರೆತದ್ದನ್ನು ನಾದಿನಿ ನೋಡುತ್ತಿದ್ದಳು, ಅತ್ತೆ ಕೂಗಿ ನೆನಪಿಸುತ್ತಿದ್ದರು. ಬೈಗುಳದ ಜೊತೆಗೇ ಸಿಕ್ಕಿದ ಆಸರೆ ಅದು. ಬಾಂಗು ಕೂಗಿದರೆ ಹೊತ್ತು ಗೊತ್ತಾಗುತ್ತಿತ್ತು, ಗಡಿಯಾರ ನೋಡಬೇಕಾಗಿರಲಿಲ್ಲ.

ಬೀಡಿ ಕಟ್ಟುವುದರಲ್ಲೂ ಹಾಗೆಯೇ. ದಕ್ಷಿಣ ಕನ್ನಡದ ನಮ್ಮ ಎಷ್ಟೋ ಹೆಂಗಸರ ಸಂಪಾದನೆ ಅದರಿಂದಲೇ ಬಂದದ್ದು. ಜಗಲಿಯಲ್ಲಿ ನಾಲ್ಕೈದು ಮಂದಿ ಸುತ್ತ ಕೂತು, ಮಡಿಲಲ್ಲಿ ಎಲೆ, ತಂಬಾಕು ಇಟ್ಟುಕೊಂಡು, ಊರ ಕಥೆಯೆಲ್ಲ ಮಾತಾಡುತ್ತಾ ಕೈ ಓಡಿಸುತ್ತಿದ್ದೆವು. ಬೇರೆ ಯಾವ ಕೆಲಸದಲ್ಲೂ ಅರ್ಧ ಗಂಟೆ ನಿಲ್ಲದ ನಾನು ಬೀಡಿಗೆ ಕೂತರೆ ಮಗ್ರಿಬ್‌ವರೆಗೆ ಏಳುತ್ತಿರಲಿಲ್ಲ. ಕೈಗೆ ಒಂದೇ ತರಹದ ಕೆಲಸ, ಕಿವಿಗೆ ಮಾತು, ಪಕ್ಕದಲ್ಲಿ ಜನ, ಸಂಜೆ ಬ್ರಾಂಚಿಗೆ ಕೊಡಲೇಬೇಕಾದ ಲೆಕ್ಕ. ಈಗಿನ ಸಲಹೆಗಾರರು, ಕೆಲಸ ಮಾಡುವಾಗ ಪಕ್ಕದಲ್ಲಿ ಇನ್ನೊಬ್ಬರು ಸುಮ್ಮನೆ ಕೂತಿದ್ದರೂ ಗಮನ ನಿಲ್ಲುತ್ತದೆ ಎಂದು ಹೇಳಿಕೊಡುತ್ತಾರೆ. ನಮಗೆ ಅದನ್ನು ಬೀಡಿ ಹೇಳಿಕೊಟ್ಟಿತ್ತು. ಬೀಡಿಯನ್ನು ಹೊಗಳುತ್ತಿಲ್ಲ, ಅದರ ಧೂಳು, ಬೆನ್ನುನೋವು ನಮಗೆ ಚೆನ್ನಾಗಿ ಗೊತ್ತು.

ಆಮೇಲೆ ಮನೆಗಳು ಸಣ್ಣದಾದವು. ಗಲ್ಫ್ ಹಣದಲ್ಲಿ ಬೇರೆ ಮನೆ ಕಟ್ಟಿದರು, ಮಕ್ಕಳು ಫ್ಲಾಟಿಗೆ ಹೋದರು. ಗಂಡ ಅಲ್ಲಿ, ಹೆಂಡತಿ ಇಲ್ಲಿ. ಬ್ಯಾಂಕು, ಕರೆಂಟ್ ಬಿಲ್ಲು, ಗ್ಯಾಸು, ಮಕ್ಕಳ ಫೀಸು, ಪಾಸ್‌ಪೋರ್ಟಿನ ದಾಖಲೆ ಎಲ್ಲ ಒಬ್ಬಳ ತಲೆಯ ಮೇಲೆ. ಮೊದಲು ಹತ್ತು ಜನ ಹೊತ್ತಿದ್ದನ್ನು ಒಬ್ಬಳು ಹೊತ್ತಾಗ ಒಳಗಿದ್ದದ್ದು ಹೊರಗೆ ಬಂತು. ಅದರ ಮೇಲೆ ಮುಟ್ಟು ನಿಲ್ಲುವ ಕಾಲ. ಈಸ್ಟ್ರೋಜನ್ ಇಳಿಯುವಾಗ ಮಿದುಳಿನ ಡೋಪಮೈನ್ ವ್ಯವಸ್ಥೆಯ ಮೇಲೂ ಅದರ ಪರಿಣಾಮ ಇರುತ್ತದೆ. ಗಮನಕ್ಕೆ ಬೇಕಾದ ರಾಸಾಯನಿಕ ಅದೇ. ಐವತ್ತರ ಹತ್ತಿರ ಎಲ್ಲ ಹೆಂಗಸರಿಗೂ ಸ್ವಲ್ಪ ಮರೆವು ಬರಬಹುದು. ಮೊದಲೇ ಹೀಗಿದ್ದವರಿಗೆ ಕಾಲ ಕೆಳಗಿನ ನೆಲವೇ ಜಾರಿದ ಹಾಗಾಗುತ್ತದೆ. ನನಗೆ 52ರಲ್ಲಿ ಹಾಗಾಯಿತು. ಆಗ ತೋರಿಸಿದ ವೈದ್ಯರೊಬ್ಬರು ರಕ್ತಪರೀಕ್ಷೆ ನೋಡಿ, ಥೈರಾಯ್ಡ್ ಸರಿ ಇದೆ, ವಯಸ್ಸಾಯಿತಲ್ಲ ಎಂದು ಕಳಿಸಿದರು.

ನಮ್ಮ ದೇಶದ ಮನೋವೈದ್ಯಕೀಯದ ಇತಿಹಾಸ ನೋಡಿದರೆ ಅವರನ್ನು ದೂರಿ ಪ್ರಯೋಜನವಿಲ್ಲ ಎನಿಸುತ್ತದೆ. ಆಸ್ಪತ್ರೆಯ ಗೋಡೆಯಾಚೆ ಮನಸ್ಸಿನ ವೈದ್ಯವನ್ನು ಹಳ್ಳಿಗೆ ಒಯ್ಯುವ ದೊಡ್ಡ ಪ್ರಯೋಗ ನಡೆದದ್ದು ನಮ್ಮ ಬಳ್ಳಾರಿಯಲ್ಲೇ. ಬೆಂಗಳೂರಿನ ನಿಮ್ಹಾನ್ಸ್ 1985ರಿಂದ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೊಡ್ಡ ಕೆಲಸ ಅದು. ಆದರೆ ಅಲ್ಲಿ ಹುಡುಕಿದ್ದು ತೀವ್ರ ಮನೋರೋಗ, ಅಪಸ್ಮಾರದಂಥವನ್ನು. ನರಳುವವರು ಅಷ್ಟು ಇರುವಾಗ ಅದು ಸಹಜವೇ.

ಕಲಬುರಗಿಯ ಗಡಿ ದಾಟಿದರೆ ಸಿಗುವ ಮರಾಠವಾಡದ ಉಮರ್ಗಾ, ಲೋಹಾರಾ ಕಡೆಯ ಹಳ್ಳಿಗಳಿಗೆ ಮನೋವೈದ್ಯರು ಹೋದದ್ದು ಇನ್ನೂ ಕಠಿಣ ಕಾರಣಕ್ಕೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಸ್ವಲ್ಪ ಮೊದಲು, ಕಿಲ್ಲಾರಿಯ ಭೂಕಂಪ ಲಾತೂರು ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳನ್ನು ನೆಲಸಮ ಮಾಡಿತು. ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳಲ್ಲಿ ಮಲಗಿದ್ದ ಹತ್ತು ಸಾವಿರದಷ್ಟು ಜನ ಸತ್ತರು. ಬದುಕುಳಿದವರ ಮನಸ್ಸಿನ ಸ್ಥಿತಿ ಅರಿಯಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಧ್ಯಯನ ಮಾಡಿಸಿತು. ಅದರ ಮುಂದಾಳು ಪುಣೆಯ ಮನೋವೈದ್ಯ ಮೋಹನ್ ಆಗಾಶೆ. ಸಿನಿಮಾ ನಟನೆಂದೇ ಹೆಚ್ಚು ಜನ ಅವರನ್ನು ಬಲ್ಲರು. ಒಂದು ರಾತ್ರಿಯಲ್ಲಿ ಎಲ್ಲ ಕಳೆದುಕೊಂಡವರ ದುಃಖವನ್ನು ಯಾರಾದರೂ ಬಂದು ಕೇಳಲೇಬೇಕಿತ್ತು. ಆ ಹಳ್ಳಿಗಳನ್ನು ನೆನೆದಾಗ ನನಗೆ ಅನಿಸುವುದು ಇಷ್ಟೇ. ಮನಸ್ಸಿನ ವೈದ್ಯರು ಹೆಂಗಸರ ಬಾಗಿಲಿಗೆ ಬರಬೇಕಾದರೆ ನೆಲ ಬಿರಿಯಬೇಕಾಗಿತ್ತು. ದಿನಾ ಸ್ವಲ್ಪ ಸ್ವಲ್ಪ ಬಿರಿಯುವುದನ್ನು ಕೇಳಲು ಯಾರೂ ಬರುವುದಿಲ್ಲ.

2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕ, ಮಹಾರಾಷ್ಟ್ರ ಎರಡೂ ಆ ಪಟ್ಟಿಯಲ್ಲಿ ಇರಲಿಲ್ಲ, ದೊಡ್ಡವರಲ್ಲಿ ಎಣಿಸಿದ ಕಾಯಿಲೆಗಳಲ್ಲಿ ಎಡಿಎಚ್‌ಡಿಯೂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲೂ ಇದರ ಹೆಸರಿಲ್ಲ. ನಮ್ಮ ಆಸ್ಪತ್ರೆಗಳು ಬಹುಕಾಲ ಬಳಸಿದ ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ರೋಗಪಟ್ಟಿಯಲ್ಲಿ ಅತಿಚಟುವಟಿಕೆ ಇದ್ದರೆ ಮಾತ್ರ ಸರಿಯಾದ ಜಾಗ. ಕುಣಿತವಿಲ್ಲದ ಬರಿಯ ಗಮನದ ಕೊರತೆಯನ್ನು ‘ಇತರೆ’ ಎಂಬ ಕೊನೆಯ ಗೂಡಿಗೆ ಹಾಕಿದ್ದರು. ಆ ಗೂಡಿನಲ್ಲಿ ಜೊತೆಗಿದ್ದವು ಉಗುರು ಕಚ್ಚುವುದು, ಮೂಗಿಗೆ ಬೆರಳು ಹಾಕುವುದು, ಹೆಬ್ಬೆರಳು ಚೀಪುವುದು! ಇದನ್ನು ಓದಿದ ದಿನ ನಾನು ಜೋರಾಗಿ ನಕ್ಕೆ, ಆಮೇಲೆ ಸಿಟ್ಟೂ ಬಂತು. 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಪಟ್ಟಿ ಇದನ್ನು ಸರಿಮಾಡಿದೆ.

ಇನ್ನು ಮನೆಯೊಳಗಿನ ಮಾತು. ವಯಸ್ಸಾದ ಹೆಂಗಸು ಮರೆಯುತ್ತಾಳೆ ಎಂದ ಕೂಡಲೇ ಮಕ್ಕಳಿಗೆ ಬರುವ ಹೆದರಿಕೆ ಡಿಮೆನ್ಷಿಯಾ. ಹೆದರಿಕೆ ಸುಳ್ಳಲ್ಲ, ಪರೀಕ್ಷೆ ಮಾಡಿಸಲೇಬೇಕು. ವ್ಯತ್ಯಾಸ ತಿಳಿಯಲು ಕೇಳಬೇಕಾದ ಮೊದಲ ಪ್ರಶ್ನೆ, ಇದು ಯಾವಾಗಿನಿಂದ ಎಂಬುದು. ಹಿಂದೆ ಚೆನ್ನಾಗಿ ಲೆಕ್ಕ ಇಡುತ್ತಿದ್ದ, ದಾರಿ ತಪ್ಪದ, ಅಡುಗೆ ಕ್ರಮ ತಪ್ಪದ ಉಮ್ಮ ಒಂದೆರಡು ವರ್ಷದಲ್ಲಿ ಬದಲಾದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಚಿಕ್ಕಂದಿನಿಂದಲೂ ಕೊಡಪಾನ ಬಿಟ್ಟು ಬರುತ್ತಿದ್ದವಳಾದರೆ ಬೇರೆ ಕಥೆ ಇರಬಹುದು. ಎರಡೂ ಒಟ್ಟಿಗೆ ಇರುವುದೂ ಉಂಟು. ಖಿನ್ನತೆ, ಥೈರಾಯ್ಡ್, ನಿದ್ದೆಯ ಕೊರತೆ, ಬಿ12 ಕೊರತೆಯಿಂದಲೂ ಮನಸ್ಸು ಮಬ್ಬಾಗುತ್ತದೆ. ಆದ್ದರಿಂದ ಮೊಬೈಲಿನಲ್ಲಿ ವೀಡಿಯೊ ನೋಡಿ ನನಗೂ ಇದೆ ಎಂದು ತೀರ್ಮಾನಿಸಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಮಾಡಿದ 18 ಪ್ರಶ್ನೆಗಳ ಪಟ್ಟಿಯೊಂದಿದೆ, ವೈದ್ಯೆ ನನಗೆ ಅದನ್ನೇ ಕೊಟ್ಟರು. ಮೊದಲ ಪ್ರಶ್ನೆಯೇ ಕೈಗೆತ್ತಿಕೊಂಡ ಪ್ರಾಜೆಕ್ಟನ್ನು ಕೊನೆ ಮುಟ್ಟಿಸುವ ಬಗ್ಗೆ. ಪ್ರಾಜೆಕ್ಟೆಂದರೆ ಮೊಮ್ಮಕ್ಕಳು ಥರ್ಮಾಕೋಲಿನಲ್ಲಿ ಮಾಡುವುದು ಎಂದಷ್ಟೇ ನನಗೆ ಗೊತ್ತು. ವೈದ್ಯೆ ಕೇಳಿದರು, ‘ರವಿಕೆ ಹೊಲಿದು ಹುಕ್ಕು ಹಾಕದೆ ಬಿಟ್ಟದ್ದು ಎಷ್ಟಿದೆ ಉಮ್ಮ?’ ಏಳಿತ್ತು. ನಮ್ಮ ಹೆಂಗಸರನ್ನು ಕೇಳುವುದಾದರೆ ಹೀಗೆ ಕೇಳಬೇಕು. ಈ ಪ್ರಶ್ನೆಗಳನ್ನು ಬ್ಯಾರಿ ಭಾಷೆಯಲ್ಲಿ, ನಮ್ಮ ಅಡುಗೆಮನೆಯ ಮಾತಿನಲ್ಲಿ ಯಾರಾದರೂ ವೈದ್ಯಮಕ್ಕಳು ಬರೆದರೆ ದೊಡ್ಡ ಉಪಕಾರ. ನಮ್ಮಲ್ಲಿ ಈಗ ವೈದ್ಯರಾದ ಹೆಣ್ಣುಮಕ್ಕಳು ಬೇಕಾದಷ್ಟು ಇದ್ದಾರೆ, ಅಲ್ಹಮ್ದುಲಿಲ್ಲಾಹ್.

ಮದ್ದಿನ ಬಗ್ಗೆ ಎರಡು ಮಾತು. ರೀಟಾಳ ಹೆಸರಿನ ಆ ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ವೈದ್ಯರ ಚೀಟಿ ಇಲ್ಲದೆ ಸಿಗುವುದಿಲ್ಲ, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ನಮ್ಮ ವಯಸ್ಸಿನಲ್ಲಿ ಬಿಪಿ, ಹೃದಯ, ಕಣ್ಣಿನ ಒತ್ತಡ ನೋಡದೆ ಅದನ್ನು ಶುರುಮಾಡಬಾರದು. ಉತ್ತೇಜಕವಲ್ಲದ ಆಟೊಮಾಕ್ಸೆಟಿನ್ ಎಂಬ ಇನ್ನೊಂದು ಮದ್ದೂ ಇದೆ. ನನಗೆ ಬಿಪಿ ಇರುವುದರಿಂದ ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ಬಹಳ ದಿನ ನೋಡಿ ಏರಿಸಿದರು. ಮದ್ದು ತೆಗೆದುಕೊಂಡರೆ ಹೊಸ ಮನುಷ್ಯಳಾಗುತ್ತೀರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಲೆಯ ಮೇಲೆ ಹಾಲಿಟ್ಟದ್ದು ನೆನಪಿರುತ್ತದೆ, ಅಷ್ಟೇ. ಅಷ್ಟಕ್ಕೇ ನಾನು ಅತ್ತದ್ದೂ ಉಂಟು. ರಮಝಾನ್‌ನಲ್ಲಿ ಮಾತ್ರೆ ಸಹರಿಗೆ ಸರಿಹೊಂದುತ್ತದೋ ಇಲ್ಲವೋ ಎಂದು ಮೊದಲೇ, ಶಅಬಾನ್‌ನಲ್ಲೇ ವೈದ್ಯರನ್ನು ಕೇಳಿ. ಮನಸ್ಸಿನ ವಿಷಯ ಯಾರಲ್ಲಿ ಹೇಳುವುದು ಎಂದು ತಿಳಿಯದವರಿಗೆ ಸರ್ಕಾರದ ಟೆಲಿ ಮಾನಸ್ 14416 ಇದೆ. 2022ರಿಂದ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡಬಹುದು.

ಮನೆಯಲ್ಲಿ ಮಾಡಿಕೊಂಡದ್ದು ಹೆಚ್ಚೇನಿಲ್ಲ. ಕೀಲಿಗೆ ಬಾಗಿಲ ಪಕ್ಕ ಒಂದೇ ಮೊಳೆ. ಮಾತ್ರೆಗೆ ವಾರದ ಡಬ್ಬ. ಒಲೆ ಉರಿಯುವಾಗ ಅಡುಗೆಮನೆ ಬಿಟ್ಟು ಹೋಗುವುದಾದರೆ ಸೌಟನ್ನು ಕೈಯಲ್ಲೇ ಹಿಡಿದು ಹೋಗುವುದು. ಎಲ್ಲಿ ಹೋದರೂ ಸೌಟು ನೆನಪಿಸುತ್ತದೆ. ನೆರೆಯವರು ನಗುತ್ತಾರೆ. ಬೇಕಾದ ಕಾಗದ ಹುಡುಕಿ ಜೋಡಿಸುವ ದಿನ ತಂಗಿ ಬಂದು ಪಕ್ಕದಲ್ಲಿ ಕೂರುತ್ತಾಳೆ, ಏನೂ ಮಾಡುವುದಿಲ್ಲ, ಚಾ ಕುಡಿಯುತ್ತಾಳೆ. ಕೆಲಸ ಮುಗಿಯುತ್ತದೆ.

ಈಮಾನ್‌ನ ಮಾತಿಗೆ ಮತ್ತೆ ಬರುತ್ತೇನೆ. ರೋಗ ಗೊತ್ತಾದ ಮೇಲೆ ಧೈರ್ಯ ಮಾಡಿ ನಮ್ಮ ಊರಿನ ಉಸ್ತಾದರನ್ನು ಕೇಳಿಸಿದೆ. ಅವರು ಹೇಳಿದ್ದರಲ್ಲಿ ನನಗೆ ಗೊತ್ತಿರದ್ದು ಏನೂ ಇರಲಿಲ್ಲ, ಆದರೂ ಈ ರೀತಿ ಯೋಚಿಸಿರಲಿಲ್ಲ. ನಮಾಝ್‌ನಲ್ಲಿ ಮರೆತರೆ ಸಹ್ವಿನ ಸುಜೂದ್ ಇದೆ. ನಮ್ಮ ಶಾಫಿಈ ಮದ್ಹಬಿನಲ್ಲಿ ಮೂರೋ ನಾಲ್ಕೋ ಎಂಬ ಸಂಶಯ ಬಂದರೆ ಮೂರೆಂದು ಹಿಡಿದು ಒಂದನ್ನು ಸೇರಿಸಿ, ಸಲಾಂಗೆ ಮೊದಲು ಎರಡು ಸುಜೂದ್ ಮಾಡಿದರೆ ಮುಗಿಯಿತು. ಪ್ರವಾದಿಯವರೇ ಒಮ್ಮೆ ನಾಲ್ಕರ ಬದಲು ಎರಡಕ್ಕೆ ಸಲಾಂ ಹೇಳಿದಾಗ ದುಲ್ ಯದೈನ್ ಎಂಬ ಸಹಾಬಿ ಎದ್ದು ಕೇಳಿದ್ದೂ, ಉಳಿದದ್ದನ್ನು ಪೂರ್ತಿ ಮಾಡಿದ್ದೂ ಹದೀಸಿನಲ್ಲಿದೆ. ಮರೆತು ಉಂಡರೆ ನೋಂಬು ಮುರಿಯುವುದಿಲ್ಲ. ಮರೆವಿಗೆ ಫಿಕ್ಹಿನ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ ಎಂದ ಮೇಲೆ, ಮರೆಯುವವರು ಆಗಲೂ ಇದ್ದರು, ಅವರನ್ನು ಯಾರೂ ಪಂಕ್ತಿಯಿಂದ ಹೊರಗೆ ಹಾಕಲಿಲ್ಲ ಎಂದಾಯಿತಲ್ಲ. ನಾನು ನಲವತ್ತು ವರ್ಷ ಸಹ್ವಿನ ಸುಜೂದನ್ನು ಶಿಕ್ಷೆ ಎಂದುಕೊಂಡು ಮಾಡಿದ್ದೆ.

ನೋಂಬಿನ ಬಾಕಿಗೆ ಅವರು ಹೇಳಿದ್ದು, ತೀರಿತು ಎಂದು ಮನಸ್ಸಿಗೆ ಖಚಿತವಾಗುವಷ್ಟನ್ನು ಅಂದಾಜು ಮಾಡಿ, ಆರೋಗ್ಯ ನೋಡಿಕೊಂಡು ನಿಧಾನವಾಗಿ ಹಿಡಿಯಿರಿ ಎಂದು. ಚೀಟಿಯಲ್ಲಿ ಬರೆಯುವುದನ್ನು ಬಿಟ್ಟಿದ್ದೇನೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಸೋಮವಾರ ಅಥವಾ ಗುರುವಾರ ನೋಂಬು ಹಿಡಿದ ದಿನ ಮೊಮ್ಮಗ ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಾನೆ. ಅವನಿಗೂ ಎಣಿಕೆ ತಪ್ಪುತ್ತದೆ, ಇಬ್ಬರೂ ಸೇರಿ ಮತ್ತೆ ಎಣಿಸುತ್ತೇವೆ. ಕಳೆದ ಗುರುವಾರಕ್ಕೆ 41 ಆಯಿತು.